ಬಿಸಿಲಲ್ಲಿ ಡಾಂಬರು ರಸ್ತೆ ಚಕ್ರದ ಜಾಡಿನಲ್ಲೇ ಕುಸಿಯುವುದೇಕೆ? ತಡೆಯುವುದು ಹೇಗೆ?
ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ. ಕಪ್ಪು ರಸ್ತೆಯ ಮೈ 60 ಮುಟ್ಟುತ್ತದೆ. ಆಗ ಡಾಂಬರು ಮೆತ್ತಗಾಗಿ, ಲಾರಿ ಚಕ್ರದ ಒತ್ತಡಕ್ಕೆ ಜಲ್ಲಿ ಸಮೇತ ಪಕ್ಕಕ್ಕೆ ಸರಿಯುತ್ತದೆ. ಚಕ್ರದ ಜಾಡಿನಲ್ಲಿ ತಗ್ಗು, ಅದರ ಅಂಚಿನಲ್ಲಿ ಉಬ್ಬು. ಸಿಗ್ನಲ್, ಬಸ್ ಸ್ಟಾಪ್ ಹತ್ತಿರ ಇದು ಜಾಸ್ತಿ, ಗಮನಿಸಿದ್ದೀರಿ ಅಲ್ವಾ? ನಿಂತ ಗಾಡಿ ಒಂದೇ ಕಡೆ ತುಂಬಾ ಹೊತ್ತು ಒತ್ತುತ್ತದೆ.

ಡಾಂಬರು ಜಾಸ್ತಿ ಸುರಿದರೆ ರಸ್ತೆ ಗಟ್ಟಿ ಅಂದುಕೊಳ್ಳುವುದು ತಪ್ಪು. ಡಾಂಬರು ಹೆಚ್ಚಾದರೆ ಜಲ್ಲಿಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳದೆ ಜಾರುತ್ತವೆ. ಅದಕ್ಕೇ ಗುಂಡಗಿನ ಕಲ್ಲು ಬೇಡ, ಕ್ರಷರ್‌ನಲ್ಲಿ ಒಡೆದ ಮೂಲೆಯುಳ್ಳ ಜಲ್ಲಿ ಬೇಕು. ವಿಜಿ-40 ದರ್ಜೆಯ ಗಟ್ಟಿ ಡಾಂಬರು ಅಥವಾ ಪಾಲಿಮರ್ ಬೆರೆಸಿದ್ದು ಬಳಸಬೇಕು. ಒಳಗೆ ಶೇ. 3ರಿಂದ 5 ಗಾಳಿ ಜಾಗ ಇರುವಂತೆ ಮಿಶ್ರಣ ರೂಪಿಸಿ, ರೋಲರ್ ಸರಿಯಾಗಿ ಓಡಿಸಬೇಕು. ತಳದ ಮಣ್ಣೇ ಕುಸಿದಿದ್ದರೆ ಮೇಲೆ ಹೊಸ ಪದರ ಹಾಕುವುದು ಸುಮ್ನೆ ದುಡ್ಡು ದಂಡ.