ಐಸ್ ಬರುತ್ತಿಲ್ಲವೇ? ಗ್ಯಾಸ್ ಬಿಡಿ, ನೀರು ನೋಡಿ

ಪ್ರಶ್ನೆ: ನಮ್ಮದು ಪೈಪ್ ಜೋಡಿಸಿದ ಐಸ್ ಮೇಕರ್ ಇರುವ ದೊಡ್ಡ ಫ್ರಿಜ್. ಮೊದಲು ಐಸ್ ಗಾತ್ರ ಸಣ್ಣದಾಯಿತು, ಈಗ ಪೂರ್ತಿ ನಿಂತಿದೆ. ಮೀನು, ಐಸ್‌ಕ್ರೀಂ ಎಲ್ಲ ಕಲ್ಲಿನ ಹಾಗೆ ಗಟ್ಟಿ ಇವೆ. ರಿಪೇರಿಗೆ ಬಂದವರು ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು ಅಂದರು. ತುಂಬಿಸಲೇ? (ಬದಿಯಡ್ಕದ ಓದುಗರು)

ಉತ್ತರ: ಬೇಡ. ಈ ಪ್ರಶ್ನೆ ಪ್ರತಿ ಬೇಸಗೆಯಲ್ಲೂ ಬರುತ್ತದೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ಫ್ರಿಜ್‌ನ ಗ್ಯಾಸ್ ಅಡುಗೆ ಸಿಲಿಂಡರಿನದ್ದಲ್ಲ, ಬಳಸಿದಷ್ಟು ಖಾಲಿಯಾಗಲು. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಆಗ ಮೀನು, ಐಸ್‌ಕ್ರೀಂ ಕಲ್ಲಿನ ಹಾಗೆ ಗಟ್ಟಿ ಉಳಿಯುವುದಿಲ್ಲ. ಅವು ಗಟ್ಟಿ ಇವೆ ಎಂದು ನೀವೇ ಬರೆದಿದ್ದೀರಿ, ಅಲ್ವಾ? ಸೋರುವ ಜಾಗ ತೋರಿಸದೆ ಗ್ಯಾಸ್ ತುಂಬಿಸಲು ಹೊರಡುವವರನ್ನು ಅಂಗಳದಿಂದಲೇ ವಾಪಸ್ ಕಳಿಸಿ.

ಐಸ್ ಮೇಕರ್‌ನ ಸ್ವಿಚ್, ಪೆಟ್ಟಿಗೆ ತುಂಬಿದಾಗ ಅದನ್ನು ನಿಲ್ಲಿಸುವ ತಂತಿಯ ಕೈ, ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದೆಯೇ ಎಂಬುದನ್ನೆಲ್ಲ ನೋಡಿರುತ್ತೀರಿ ಎಂದುಕೊಳ್ಳುತ್ತೇನೆ. ಐಸ್ ಮೊದಲು ಸಣ್ಣದಾಯಿತು ಎಂದಿರಲ್ಲ, ಉತ್ತರ ಅಲ್ಲೇ ಇದೆ. ಐಸ್ ಕಟ್ಟುವ ಅಚ್ಚಿಗೆ ನೀರು ಸಾಕಷ್ಟು ಬೀಳುತ್ತಿಲ್ಲ.

ನೀರು ಎಲ್ಲಿಂದ ಬರುತ್ತದೆ ನೋಡಿ. ನಮ್ಮ ಕಾಸರಗೋಡು ಕಡೆ ಬಾವಿಯದ್ದಾಗಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ್ದಾಗಲಿ, ನೀರು ತಾರಸಿಯ ಟ್ಯಾಂಕಿಗೆ ಹೋಗಿ ಅಡುಗೆಮನೆಗೆ ಇಳಿಯುತ್ತದೆ. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಒತ್ತಡ ಸುಮಾರು 14 ಪಿಎಸ್‌ಐ (ಒತ್ತಡ ಅಳೆಯುವ ಮಾನ). ಎರಡಂತಸ್ತಿನ ಮನೆಯಲ್ಲಿ ಟ್ಯಾಂಕಿನಿಂದ ಕೆಳಗಿನ ಫ್ರಿಜ್‌ಗೆ ಏಳು ಮೀಟರ್ ಇದ್ದರೆ ಸಿಗುವುದು ಹತ್ತೇ. ಹೆಚ್ಚಿನ ಐಸ್ ಮೇಕರ್‌ಗಳು ಕನಿಷ್ಠ 20 ಕೇಳುತ್ತವೆ. ನಿಮ್ಮದು ಎಷ್ಟು ಕೇಳುತ್ತದೆ ಎಂದು ಫ್ರಿಜ್ ಜೊತೆ ಬಂದ ಪುಸ್ತಕದಲ್ಲಿದೆ. ಆ ಪುಟ ಓದದೆ ಪೈಪ್ ಜೋಡಿಸುವವರೇ ಜಾಸ್ತಿ. ನೀರು ಶುದ್ಧ ಮಾಡುವ ಆರ್‌ಒ ಯಂತ್ರದ ಆಚೆಯಿಂದ ಪೈಪ್ ಎಳೆದಿದ್ದರೆ ಇನ್ನೂ ಕಷ್ಟ.

ಹಾಗಾದರೆ ಹೊಸತರಲ್ಲಿ ಹೇಗೆ ನಡೆಯಿತು? ನೀರು ಸೋಸುವ ಜಾಲರಿ, ಫಿಲ್ಟರ್ ಎರಡೂ ಆಗ ಹೊಸತು. ಇದ್ದ ಅಷ್ಟು ಒತ್ತಡದಲ್ಲೇ ಹೇಗೋ ಸುಧಾರಿಸಿತು. ನೀರಿನ ಮೆಯಿನ್ ಲೈನ್ ಬಂದ್ ಮಾಡಿ, ಪ್ಲಗ್ ತೆಗೆದು, ಫ್ರಿಜ್ ಹಿಂಬದಿ ಕೆಳಗೆ ಪೈಪ್ ಸೇರುವಲ್ಲಿ ಅದನ್ನು ಬಿಚ್ಚಿ ವಾಲ್ವ್‌ನ ಬಾಯಿಗೆ ಟಾರ್ಚ್ ಹಿಡಿಯಿರಿ. ಉಗುರಿನಷ್ಟು ಅಗಲದ ಜಾಲರಿ ಕಾಣುತ್ತದೆ. ಕೆಂಪು ಕಲ್ಲಿನ ನೆಲದ ನೀರಾದರೆ ಅದರ ಮೇಲೆ ಕಂದು ಬಣ್ಣದ ನುಣುಪು ಕೆಸರು ಮೆತ್ತಿಕೊಂಡಿರುತ್ತದೆ. ಹಳೆಯ ಬ್ರಷ್‌ನಲ್ಲಿ ಮೆಲ್ಲ ತೊಳೆಯಿರಿ, ಪಿನ್ ಚುಚ್ಚಬೇಡಿ. ಫಿಲ್ಟರನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕು. ನೀರು ಕೆಂಪಗಿದ್ದರೆ ಅದಕ್ಕೂ ಮೊದಲೇ.

ಇನ್ನೊಂದು ವಿಷಯ ರಿಪೇರಿಯವರಿಗೂ ಹೊಳೆಯುವುದಿಲ್ಲ. ಈ ವಾಲ್ವ್ ಬಿಗಿಯಾಗಿ ಮುಚ್ಚಿಕೊಳ್ಳಲೂ ನೀರಿನ ಒತ್ತಡವೇ ಬೇಕು. ಅದು ಕಮ್ಮಿಯಾದರೆ ಹನಿ ಹನಿ ತೊಟ್ಟಿಕ್ಕುತ್ತದೆ. ಆ ಹನಿ ಅಚ್ಚಿನ ಮೇಲಿನ ಸಣ್ಣ ಕೊಳವೆಯಲ್ಲೇ ಹೆಪ್ಪುಗಟ್ಟಿ ಬಿರಡೆ ಆಗುತ್ತದೆ. ಫ್ರಿಜ್ ಬಾಗಿಲಿನ ನಳದಲ್ಲಿ ಕುಡಿಯುವ ನೀರು ಚೆನ್ನಾಗಿ ಬಂದು ಐಸ್ ಮಾತ್ರ ಇಲ್ಲವೆಂದರೆ ಮೊದಲು ಈ ಕೊಳವೆ ನೋಡಿ. ಬಾಗಿಲಿನ ನೀರೇ ಸಣ್ಣಗೆ ಬಂದರೆ ತೊಂದರೆ ಫಿಲ್ಟರ್‌ನಲ್ಲೋ ಲೈನಿನಲ್ಲೋ ಇದೆ.

ಕೊಳವೆ ಕಟ್ಟಿದ್ದರೆ ಮೀನೆಲ್ಲ ಬೇರೆಡೆ ಇಟ್ಟು, ಪ್ಲಗ್ ತೆಗೆದು, ಬಾಗಿಲು ತೆರೆದು ಒಂದು ರಾತ್ರಿ ಬಿಡಿ. ಕೆಳಗೆ ಬಟ್ಟೆ ಹಾಸಿ. ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿದರೆ ಒತ್ತಡ ಸಾಲದು ಅಥವಾ ವಾಲ್ವ್ ಸವೆದಿದೆ. ಒತ್ತಡ ಸಾಲದಿದ್ದರೆ ತನ್ನಷ್ಟಕ್ಕೆ ಆನ್-ಆಫ್ ಆಗುವ ಸಣ್ಣ ಬೂಸ್ಟರ್ ಪಂಪ್ ಹಾಕಿಸಿ. ಎಲ್ಲ ಸರಿಪಡಿಸಿದ ಮೇಲೆ ಒಂದು ದಿನ ಪೂರ್ತಿ ಕಾಯಿರಿ, ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ನೋಡಬೇಡಿ. ಮೊದಲ ಎರಡು ಮೂರು ಸಲದ ಐಸ್ ಚೆಲ್ಲಿಬಿಡಿ. ಇಷ್ಟೆಲ್ಲ ಆದ ಮೇಲೂ ಐಸ್ ಬಾರದಿದ್ದರೆ ಮಾತ್ರ ಮೋಟಾರು, ಬೋರ್ಡಿನ ಮಾತು.

ಪ್ರಶ್ನೆ: ಕಟ್ಟಿದ ಐಸನ್ನು ಚೂರಿಯಿಂದ ಕೆತ್ತಬಹುದೇ? (ಪೆರ್ಲ)

ಉತ್ತರ: ಖಂಡಿತ ಬೇಡ. ಒಳಗಿನ ಅಲ್ಯೂಮಿನಿಯಂ ಕೊಳವೆ ತೆಳುವಾದದ್ದು. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿರುವ ಆರ್600ಎ ಗ್ಯಾಸ್‌ಗೆ ಬೆಂಕಿ ಹತ್ತುತ್ತದೆ. ಒಂದು ತೂತಾದರೆ ಫ್ರಿಜ್ ಮಾತ್ರ ಹೋಗುವುದಲ್ಲ.

ಪ್ರಶ್ನೆ: ಫ್ರೀಜರಿನ ಗೋಡೆಗೆ ಉಪ್ಪು ಸವರಿದರೆ ಐಸ್ ಬೇಗ ಆಗುತ್ತದಂತೆ, ನಿಜವೇ? (ಉಪ್ಪಳ)

ಉತ್ತರ: ಸುಳ್ಳು. ಲೋಹಕ್ಕೆ ತುಕ್ಕು ಹಿಡಿಯುತ್ತದೆ, ಅಷ್ಟೇ.

ಪ್ರಶ್ನೆ: ಐಸ್‌ಗೆ ಒಣಮೀನಿನ ವಾಸನೆ ಬರುತ್ತಿದೆ. (ಕುಂಬಳೆ)

ಉತ್ತರ: ಒಣಮೀನನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಇದ್ದ ಐಸ್ ಎಲ್ಲ ಚೆಲ್ಲಿ, ಪೆಟ್ಟಿಗೆ ತೊಳೆದು ಒಣಗಿಸಿ ಇಡಿ.