“ಎಷ್ಟು ಕೊಡ್ತೀರಿ?” ಎಂದು ಕೇಳಿದ ಹುಡುಗ

ಇದು ಹೊನ್ನಾವರ ತಾಲೂಕಿನಲ್ಲಿ, ಶರಾವತಿ ಅಳಿವೆಗೆ ಹತ್ತಿರವಿರುವ ಊರೊಂದರ ಕ್ಯಾಥೋಲಿಕ್ ಮೀನುಗಾರ ಕುಟುಂಬದ ಪ್ರಕರಣ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಂದೆ ತಾಯಿ ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಮಗನ ಬಗ್ಗೆ ಸಲಹೆ ಕೇಳಲು ಅವರು ನನ್ನಲ್ಲಿಗೆ ಬಂದದ್ದು ಜೂನ್ ಎರಡನೆಯ ವಾರದಲ್ಲಿ. ತಂದೆ ಬೇರೆಯವರ ಟ್ರಾಲ್ ಬೋಟಿನಲ್ಲಿ ಪಾಲಿಗೆ ದುಡಿಯುವವರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಾದ್ದರಿಂದ ಮಾತ್ರ ಅವರಿಗೆ ಪತ್ನಿಯ ಜೊತೆ ಬರುವುದು ಸಾಧ್ಯವಾಗಿತ್ತು. ಒಬ್ಬನೇ ಮಗ, 13 ವರ್ಷ, ಎಂಟನೆಯ ತರಗತಿ. ಒಂದು ಭಾನುವಾರ ಇಗರ್ಜಿಯಿಂದ (ಚರ್ಚಿನಿಂದ) ಬಂದ ಅಜ್ಜಿಗೆ ತಲೆಸುತ್ತು ಬಂದು, ಪೇಟೆಯಿಂದ ಮಾತ್ರೆ ತರಲು ತಾಯಿ ಹೇಳಿದಾಗ, ಹುಡುಗ ಮೊಬೈಲಿನಿಂದ ತಲೆಯೆತ್ತದೆ “ಎಷ್ಟು ಕೊಡ್ತೀರಿ?” ಎಂದು ಕೇಳಿದನಂತೆ. ಇದನ್ನು ಹೇಳುವಾಗ ತಾಯಿಯ ಕಣ್ಣು ತುಂಬಿ ಬಂತು. ತಂದೆಗೆ ಸಿಟ್ಟು: “ಆಗಸ್ಟಿನಲ್ಲಿ ಬೋಟಿಗೆ ಹತ್ತಿಸ್ತೇನೆ ಮೇಡಂ, ಆಗ ಬುದ್ಧಿ ಬರ್ತದೆ.”

ಹುಡುಗನ ಜೊತೆ ಬೇರೆಯಾಗಿ ಮಾತನಾಡಿದೆ. ಅವನು ಉದ್ಧಟನಾಗಿರಲಿಲ್ಲ, ತಾನು ಕೇಳಿದ್ದರಲ್ಲಿ ತಪ್ಪೇನು ಎಂಬುದೇ ಅವನಿಗೆ ನಿಜವಾಗಿ ಅರ್ಥವಾಗಿರಲಿಲ್ಲ. ಮೂರು ವರ್ಷಗಳಿಂದ ಆ ಮನೆಯಲ್ಲಿ ಅಂಗಳ ಗುಡಿಸಿದರೆ 10 ರೂಪಾಯಿ, ಅಂಗಡಿಗೆ ಹೋಗಿಬಂದರೆ 20, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ 200 ಎಂಬ ದರ ಜಾರಿಯಲ್ಲಿತ್ತು. ಮಗ ಚುರುಕಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ತಾಯಿ ಅದನ್ನು ಆರಂಭಿಸಿದ್ದರು. ಆದರೆ ಅದರ ಜೊತೆಯಲ್ಲೇ ಇನ್ನೊಂದು ಮಾತೂ ದಿನನಿತ್ಯ ಅವನ ಕಿವಿಗೆ ಬೀಳುತ್ತಿತ್ತು: “ಓದದಿದ್ದರೆ ನಿನ್ನ ಪಪ್ಪನ ಹಾಗೆ ಬಲೆ ಎಳೆಯಬೇಕಾಗ್ತದೆ.” ನನಗೆ ದರಪಟ್ಟಿಗಿಂತ ಹೆಚ್ಚು ಕಳವಳ ತಂದದ್ದು ಈ ಮಾತು. ಆ ಮನೆಯ ಅನ್ನ, ಆ ಹುಡುಗನ ಪುಸ್ತಕ, ಅಜ್ಜಿಯ ಮಾತ್ರೆ ಎಲ್ಲವೂ ಆ ಬಲೆಯಿಂದಲೇ ಬಂದವು. ಅದೇ ಬಲೆಯನ್ನು ತೋರಿಸಿ ಹೆದರಿಸಿದ ಮೇಲೆ, ದುಡಿಮೆಯೆಂದರೆ ಸೋತವರ ಪಾಲಿಗೆ ಬರುವ ಶಿಕ್ಷೆಯೆಂದು ಮಗು ತಿಳಿಯದೆ ಇನ್ನೇನು ತಿಳಿದೀತು? ತಂದೆಯೂ ಈಗ ಬೋಟನ್ನು ಶಿಕ್ಷೆಯಾಗಿಯೇ ಎತ್ತಿಕೊಂಡಿದ್ದರು.

ಹಾಗಾಗಿ ಮೊದಲು ತಂದೆಗೇ ಸ್ಪಷ್ಟವಾಗಿ ಹೇಳಬೇಕಾಯಿತು. ಹದಿನಾಲ್ಕು ತುಂಬದ ಮಗುವನ್ನು ದುಡಿಮೆಗೆ ಹಚ್ಚುವುದನ್ನು 1986ರ ಬಾಲಕಾರ್ಮಿಕ ಕಾಯಿದೆ ನಿಷೇಧಿಸುತ್ತದೆ. 2016ರ ತಿದ್ದುಪಡಿಯು ಶಾಲೆಯ ಸಮಯದ ನಂತರ ಅಥವಾ ರಜೆಯಲ್ಲಿ ಕುಟುಂಬದ ಸ್ವಂತ ಉದ್ಯೋಗದಲ್ಲಿ, ಅದೂ ಅಪಾಯವಿಲ್ಲದ ಕೆಲಸದಲ್ಲಿ, ಕೈಜೋಡಿಸುವುದಕ್ಕಷ್ಟೇ ಅವಕಾಶ ಕೊಡುತ್ತದೆ. ಬೇರೆಯವರ ಬೋಟು ಇದರೊಳಗೆ ಬರುವುದೇ ಇಲ್ಲ. ಅವರು ಒಪ್ಪಿದರು.

ಕುಟುಂಬವು ದಿನವೂ ಸಂಜೆ ಜಪಸರದ ಪ್ರಾರ್ಥನೆ ಹೇಳುವ ಕುಟುಂಬವಾದ್ದರಿಂದ, ಮತ್ತು ನಾನೂ ಅದೇ ವಿಶ್ವಾಸದವಳಾದ್ದರಿಂದ, ಬೈಬಲಿನ ಮಾತನ್ನು ತರಲು ಸಂಕೋಚವಾಗಲಿಲ್ಲ. ಬೆವರು ಸುರಿಸಿ ಉಣ್ಣಬೇಕೆಂಬ ಮಾತು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ, ಆದಾಮನು ಪಾಪಕ್ಕೆ ಬಿದ್ದ ಮೇಲೆ ಬರುತ್ತದೆ. ಆದರೆ ಏದೆನ್ ತೋಟವನ್ನು ಸಾಗುಮಾಡಿ ಕಾಯಲೆಂದು ದೇವರು ಅವನನ್ನು ಅಲ್ಲಿ ಇರಿಸಿದ ಸಂಗತಿ ಎರಡನೆಯ ಅಧ್ಯಾಯದಲ್ಲೇ ಇದೆ. ದಣಿವು ಆಮೇಲೆ ಬಂದದ್ದು, ಕೆಲಸ ಮೊದಲಿನಿಂದಲೂ ಇದ್ದದ್ದು. ತಾಯಿ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದ ಸಾಮತಿಯನ್ನು, ಅಂದರೆ ಒಡೆಯನು ಆಳುಗಳಿಗೆ ತಲಾಂತುಗಳೆಂಬ ಹಣವನ್ನು ಒಪ್ಪಿಸಿ ಹೋದಾಗ ಒಬ್ಬನು ತನ್ನದನ್ನು ನೆಲದಲ್ಲಿ ಹೂತಿಟ್ಟ ದೃಷ್ಟಾಂತ ಕಥೆಯನ್ನು, ನೆನಪಿಸಿ, ಮಗ ತನ್ನ ತಲಾಂತನ್ನು ಹೂತಿಟ್ಟಿದ್ದಾನೆ ಎಂದರು. ಆ ಸಾಮತಿಯನ್ನು ಮಕ್ಕಳ ಬೆನ್ನ ಮೇಲೆ ಬಾರುಕೋಲಾಗಿ ಬಳಸುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ, ಮತ್ತು ಪ್ರತಿಸಲವೂ ನೋವಾಗುತ್ತದೆ. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಆಳಿನ ಒಂದು ದಿನದ ಕೂಲಿ. ಎಲ್ಲರಿಗಿಂತ ಕಡಿಮೆ ಪಡೆದವನ ಕೈಗೂ ಒಡೆಯನು ಹದಿನಾರು ವರ್ಷಗಳಿಗೂ ಹೆಚ್ಚಿನ ದುಡಿಮೆಯನ್ನು ನಂಬಿ ಒಪ್ಪಿಸಿದ್ದನು. “ನೀವು ಮಗನ ಕೈಗೆ ಏನನ್ನು ನಂಬಿ ಒಪ್ಪಿಸಿದ್ದೀರಿ?” ಎಂದು ಕೇಳಿದೆ. ಉತ್ತರ ಬರಲಿಲ್ಲ.

ನಾನು ಕೊಟ್ಟ ಸಲಹೆಯ ತಿರುಳು ಈ ಪ್ರಶ್ನೆಯಲ್ಲೇ ಇತ್ತು. ಕನ್ನಡ ಬೈಬಲಿನಲ್ಲಿ ‘ಮನೆವಾರ್ತೆಯವನು’ ಎಂಬ ಒಳ್ಳೆಯ ಮಾತಿದೆ: ಇನ್ನೊಬ್ಬರದನ್ನು ತನ್ನದೆಂಬಷ್ಟು ಅಕ್ಕರೆಯಿಂದ ನೋಡಿಕೊಂಡು ಲೆಕ್ಕ ಒಪ್ಪಿಸುವವನು. ದುಡಿಯುವವನು ಕೂಲಿಗೆ ಯೋಗ್ಯನೆಂಬುದೂ ಶುಭಸಂದೇಶದ ಮಾತೇ ಆದ್ದರಿಂದ ನಾನು ಕೂಲಿಯನ್ನು ಹಳಿಯುತ್ತಿಲ್ಲ. ತನ್ನ ಮನೆಯಲ್ಲೇ ಮಗು ಕೂಲಿಯಾಳಾಗಬಾರದು ಎಂದಷ್ಟೇ ಹೇಳಿದೆ. ದರಪಟ್ಟಿಯನ್ನು ನಿಲ್ಲಿಸಿ, ಮನೆ ಹಿಂದಿನ ಒಂಬತ್ತು ತೆಂಗಿನಮರಗಳನ್ನು ಸಂಪೂರ್ಣವಾಗಿ ಹುಡುಗನ ಉಸ್ತುವಾರಿಗೆ ಬಿಡಲು ಸೂಚಿಸಿದೆ. ಬುಡಕ್ಕೆ ಗೊಬ್ಬರ ಹಾಕಿಸುವುದು, ಕಾಯಿ ಕೀಳುವವರನ್ನು ಕರೆದು ಅವರ ಕೂಲಿ ಕೊಡುವುದು, ಮನೆಗೆಷ್ಟು ಮಾರಾಟಕ್ಕೆಷ್ಟು ಎಂದು ತೀರ್ಮಾನಿಸುವುದು, ಇಗರ್ಜಿಗೆ ಕೊಡುವ ಭಾಗವನ್ನು ತೆಗೆದಿಡುವುದು, ತಿಂಗಳಿಗೊಮ್ಮೆ ಲೆಕ್ಕ ತೋರಿಸುವುದು ಅವನ ಪಾಲಿನವು. ಮರ ಹತ್ತುವಂತಿಲ್ಲ, ಓದಿನ ಸಮಯ ಕದಿಯುವಂತಿಲ್ಲ. ಅವನು ತಪ್ಪಿದರೆ ಕಾಯಿ ಹಾಳಾಗಲಿ, ಉಸ್ತುವಾರಿಯನ್ನು ಮಾತ್ರ ಕಸಿದುಕೊಳ್ಳಬೇಡಿ ಎಂದು ಎರಡೆರಡು ಸಲ ಹೇಳಿದೆ. ಹಳೆಯ ದರದಂತೆ ಅವನಿಗೆ ಬರಬೇಕಿದ್ದ 340 ರೂಪಾಯಿಯನ್ನು ರದ್ದುಮಾಡಲು ತಾಯಿ ಬಯಸಿದರು; ನಾನು ಒಪ್ಪಲಿಲ್ಲ. ಕೊಟ್ಟ ಮಾತಿನ ಹಣವನ್ನು ಪೂರ್ತಿ ಕೊಟ್ಟು ಆಮೇಲೆ ಪದ್ಧತಿಯನ್ನು ಮುಗಿಸಬೇಕು.

ತಂದೆಗೆ ಹೇಳಿದ್ದು ಇಷ್ಟೇ: ನಿಷೇಧ ಮುಗಿಯುವವರೆಗೆ ಬಲೆ ಹೆಣೆಯಲು ಕೂತಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೆಲಸ ಮಾಡಿಸಬೇಡಿ, ಕೇಳಿದ್ದಕ್ಕೆ ಉತ್ತರ ಕೊಡಿ. ‘ಪಪ್ಪನ ಹಾಗೆ ಬಲೆ ಎಳೆಯಬೇಕಾಗ್ತದೆ’ ಎಂಬ ಆ ಒಂದು ಮಾತನ್ನು ಇನ್ನು ಆಡುವುದಿಲ್ಲವೆಂದು ತಾಯಿ ಗಂಡನ ಮುಂದೆಯೇ ಒಪ್ಪಿಕೊಂಡರು. ಆ ಗಳಿಗೆಯಲ್ಲಿ ಆತ ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಂಡದ್ದು ನನಗೆ ಮರೆಯದು.

ಜುಲೈನಲ್ಲಿ, ಉದುರಿದ ಕಾಯಿಗಳನ್ನು ಎತ್ತಿಡುವುದನ್ನು ಹುಡುಗ ಮರೆತು, ಕೆಲವು ಮಳೆನೀರಲ್ಲಿ ಕೊಚ್ಚಿಹೋದವು. ತಾಯಿ ಕಷ್ಟಪಟ್ಟು ಸುಮ್ಮನಿದ್ದರು. ಆ ನಷ್ಟವನ್ನು ಅವನು ತಾನಾಗಿಯೇ ಲೆಕ್ಕದ ಪಟ್ಟಿಯಲ್ಲಿ ಬರೆದಿದ್ದ. ಅಂಗಳ ಗುಡಿಸಲು ಇಂದಿಗೂ ಎರಡು ಸಲ ಹೇಳಬೇಕಂತೆ. ಸೆಪ್ಟೆಂಬರಿನ ಭೇಟಿಗೆ ತಂದೆ ಬರಲಿಲ್ಲ, ಬೋಟು ಕಡಲಲ್ಲಿತ್ತು. ಅವರು ಯಾವ ದಿನ ದಡಕ್ಕೆ ಬರುತ್ತಾರೆಂದು ಕೇಳಿದಾಗ ತಾಯಿಗಿಂತ ಮೊದಲು ಉತ್ತರಿಸಿದವನು ಮಗ. ಮುಂದಿನ ಭೇಟಿಯನ್ನು ಆ ದಿನದ ಮರುದಿನಕ್ಕೆ ಇಟ್ಟುಕೊಂಡಿದ್ದೇವೆ.