ಬೇಸಿಗೆಯ ಕೊನೆಗೆ ಟ್ರೌಟ್ ಹಿಡಿಯಲು ಹೊರಟವರು ಮೊದಲು ನೋಡಬೇಕಾದದ್ದು ನೀರಿನ ಉಷ್ಣಾಂಶ

ಪ್ರಶ್ನೆ: ನಾನು ಸಿಯಾಟಲ್‌ನಲ್ಲಿ ನೆಲೆಸಿದ್ದೇನೆ. ಕಳೆದ ವರ್ಷದಿಂದ ಫ್ಲೈ ಫಿಶಿಂಗ್ (ಹುಳುವಿನಂತೆ ಕಟ್ಟಿದ ಹಗುರ ಗಾಳ, ಅಂದರೆ ಫ್ಲೈ ಬಳಸಿ ಮೀನು ಹಿಡಿಯುವುದು) ಕಲಿಯುತ್ತಿದ್ದೇನೆ. ಆಗಸ್ಟ್ ಕೊನೆಯ ವಾರ ಹದಿನಾಲ್ಕು ವರ್ಷದ ಮಗನೊಂದಿಗೆ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಮ್ಯಾಡಿಸನ್ ಮತ್ತು ಫೈರ್‌ಹೋಲ್ ನದಿಗಳಲ್ಲಿ ಟ್ರೌಟ್ ಹಿಡಿಯಬೇಕೆಂದಿದೆ. ಆ ಹೊತ್ತಿಗೆ ನೀರು ಬಿಸಿಯಾಗಿ ಮೀನು ಹಿಡಿಯಲು ತಡೆ ಹಾಕುತ್ತಾರೆಂದು ಕೇಳಿದ್ದೇನೆ. ಪ್ರವಾಸವನ್ನು ಹೇಗೆ ಯೋಜಿಸಲಿ? ಏನೇನು ಒಯ್ಯಬೇಕು?

ಉತ್ತರ: ನೀವು ಕೇಳಿದ್ದು ನಿಜ, ಮತ್ತು ಆ ತಡೆಗೆ ಸರಿಯಾದ ಕಾರಣವಿದೆ. ಟ್ರೌಟ್ ತಣ್ಣೀರಿನ ಮೀನು. 10 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ಸಿಹಿನೀರು ಸಮುದ್ರಮಟ್ಟದಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 20 ಡಿಗ್ರಿಗೆ ಏರಿದಾಗ ಅದು ಸುಮಾರು 9 ಮಿಲಿಗ್ರಾಂಗೆ ಇಳಿಯುತ್ತದೆ. ಬೆಟ್ಟದ ಎತ್ತರದಲ್ಲಿ ಇನ್ನೂ ಕಡಿಮೆ. ಅದೇ ವೇಳೆಗೆ ಬಿಸಿ ನೀರಿನಲ್ಲಿ ಮೀನಿನ ದೇಹ ಕೇಳುವ ಆಮ್ಲಜನಕ ಹೆಚ್ಚುತ್ತದೆ. ಗಾಳಕ್ಕೆ ಸಿಕ್ಕಿ ಸೆಣಸಿ ದಣಿದ ಮೀನನ್ನು ನಾವು ಎಷ್ಟೇ ಜೋಪಾನವಾಗಿ ಬಿಟ್ಟರೂ ಅದು ಆಮೇಲೆ ಸಾಯಬಹುದು. ಆದ್ದರಿಂದಲೇ ಉದ್ಯಾನಕ್ಕೆ ತಾಗಿಕೊಂಡಿರುವ ಮೊಂಟಾನಾ ರಾಜ್ಯದಲ್ಲಿ, ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಸೆಲ್ಸಿಯಸ್ ಮುಟ್ಟಿದರೆ, ಆ ನದಿಯಲ್ಲಿ ಮಧ್ಯಾಹ್ನ 2ರಿಂದ ಮಧ್ಯರಾತ್ರಿಯವರೆಗೆ ಮೀನು ಹಿಡಿಯುವುದನ್ನು ನಿಷೇಧಿಸುವ ಪದ್ಧತಿಯಿದೆ. ಉದ್ಯಾನದ ಆಡಳಿತವೂ ಬಿಸಿ ಹೆಚ್ಚಾದ ವರ್ಷಗಳಲ್ಲಿ ಇಂಥ ನಿರ್ಬಂಧ ಹೇರುತ್ತದೆ. ಸರ್ಕಾರದ ಆದೇಶಕ್ಕಾಗಿ ಕಾಯದೆ, 68 ಫ್ಯಾರನ್‌ಹೀಟ್ (20 ಸೆಲ್ಸಿಯಸ್) ಕಂಡ ಕೂಡಲೇ ಗಾಳದ ಕೋಲನ್ನು ಮಡಚಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಲೆಕ್ಕದಲ್ಲಿ ನೋಡಿದರೆ ನೀವು ಆರಿಸಿಕೊಂಡಿರುವ ಎರಡೂ ನದಿಗಳು ಆಗಸ್ಟ್‌ಗೆ ಒಗ್ಗುವುದಿಲ್ಲ. ಫೈರ್‌ಹೋಲ್‌ಗೆ ಬಿಸಿನೀರಿನ ಬುಗ್ಗೆಗಳ ನೀರು ಬಂದು ಸೇರುತ್ತದೆ. ಅದು ಗಿಬ್ಬನ್ ನದಿಯೊಂದಿಗೆ ಕೂಡಿಯೇ ಮ್ಯಾಡಿಸನ್ ಆಗುವುದರಿಂದ ಆ ಶಾಖ ಕೆಳಕ್ಕೂ ಹರಿಯುತ್ತದೆ. ಅವೆರಡನ್ನೂ ಜೂನ್‌ಗೋ ಸೆಪ್ಟೆಂಬರ್ ಕೊನೆಗೋ ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಉದ್ಯಾನದ ಈಶಾನ್ಯ ಭಾಗದ ಲಮಾರ್ ಕಣಿವೆಗೆ ಹೋಗಿ. ಅಲ್ಲಿನ ಸ್ಲೂ ಕ್ರೀಕ್, ಸೋಡಾ ಬ್ಯೂಟ್ ಕ್ರೀಕ್ ಮತ್ತು ಲಮಾರ್ ನದಿ ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿದ್ದು, ಆಗಸ್ಟ್ ಕೊನೆಯಲ್ಲೂ ರಾತ್ರಿಯ ಚಳಿಗೆ ನೀರು ಚೆನ್ನಾಗಿ ತಣಿದಿರುತ್ತದೆ. ಸ್ಲೂ ಕ್ರೀಕ್‌ನ ಮೊದಲ ಹುಲ್ಲುಗಾವಲಿಗೆ ಸುಮಾರು ಎರಡು ಮೈಲಿ ನಡೆಯಬೇಕು. ಹದಿನಾಲ್ಕರ ಹುಡುಗನಿಗೆ ಅದು ಕಷ್ಟವಲ್ಲ. ಒಂದು ವಿಷಯ ನೆನಪಿರಲಿ: ಗುಡುಗುಮಳೆ ಬಿದ್ದರೆ ಲಮಾರ್ ಕೆಸರೆದ್ದು ಒಂದೆರಡು ದಿನ ಕೆಲಸಕ್ಕೆ ಬಾರದು. ಹಾಗಾಗಿ ಒಂದೇ ನದಿಯನ್ನು ನಂಬಿ ಹೋಗಬೇಡಿ.

ನೀರಿಗೆ ಹಾಕುವ ಒಂದು ಚಿಕ್ಕ ಥರ್ಮಾಮೀಟರ್ ಕೊಂಡುಕೊಳ್ಳಿ. ದಡದ ನಿಂತ ನೀರಿನಲ್ಲಿ ಅಳೆದರೆ ಅಂಕಿ ತಪ್ಪುತ್ತದೆ. ಹರಿಯುವ ನೀರಿನಲ್ಲಿ, ನೆರಳಿರುವ ಕಡೆ, ಒಂದಡಿ ಆಳಕ್ಕೆ ಇಳಿಬಿಟ್ಟು ಎರಡು ನಿಮಿಷ ಕಾದು ಓದಿ. ಬೆಳಿಗ್ಗೆ ಒಮ್ಮೆ, ಆಮೇಲೆ ಗಂಟೆಗೊಮ್ಮೆ ನೋಡುತ್ತಿದ್ದರೆ ಆ ದಿನ ಎಷ್ಟು ಹೊತ್ತು ಮೀನು ಹಿಡಿಯಬಹುದೆಂದು ನೀರೇ ತಿಳಿಸುತ್ತದೆ. ಉಷ್ಣಾಂಶ ನೋಡುವ ಕೆಲಸವನ್ನು ಮಗನಿಗೆ ವಹಿಸಿ.

ಉಪಕರಣಗಳ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂಬತ್ತು ಅಡಿಯ ಐದನೇ ತೂಕದ (ಮಧ್ಯಮ ಬಲದ) ರಾಡ್, ದಾರದ ತುದಿಗೆ ಕಟ್ಟುವ ಒಂಬತ್ತು ಅಡಿಯ ಲೀಡರ್ ಎಂಬ ಪಾರದರ್ಶಕ ಎಳೆ, ಅದರ ತುದಿಗೆ 4ಎಕ್ಸ್ ಮತ್ತು 5ಎಕ್ಸ್ ದಪ್ಪದ ಟಿಪ್ಪೆಟ್ ಎಂಬ ತೆಳು ಎಳೆ ಸಾಕು. ಬೇಸಿಗೆಯ ಕೊನೆಯಲ್ಲಿ ಟ್ರೌಟ್‌ನ ಮುಖ್ಯ ಆಹಾರ ಮಿಡತೆ. ಬಿಸಿಲೇರಿ ಹುಲ್ಲು ಬೆಚ್ಚಗಾದ ಮೇಲೆ, ಹತ್ತು ಹನ್ನೊಂದರ ಸುಮಾರಿಗೆ, ಅವು ಹಾರತೊಡಗುತ್ತವೆ. ಗಾಳಿ ಅವನ್ನು ನೀರಿಗೆ ಕೆಡವುತ್ತದೆ. ಆದ್ದರಿಂದ ಹತ್ತು ಹನ್ನೆರಡನೇ ಅಳತೆಯ ಮಿಡತೆ ಫ್ಲೈಗಳು, ಜೊತೆಗೆ ಇರುವೆಯಂಥ ಫ್ಲೈ, ಪ್ಯಾರಾಶೂಟ್ ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್ ಎಂಬ ತೇಲುವ ಫ್ಲೈಗಳು ಇರಲಿ. ಮಿಡತೆಯನ್ನು ನೀರು ಕೊರೆದ ದಡಕ್ಕೆ ಒಂದು ಗೇಣು ದೂರದಲ್ಲಿ ಬೀಳಿಸಿ, ಎಳೆಯದೆ ತೇಲಿಬಿಡಿ. ಲಮಾರ್ ಕಣಿವೆಯಲ್ಲಿ ಸಿಗುವ ಕಟ್‌ಥ್ರೋಟ್ ಎಂಬ ಜಾತಿಯ ಟ್ರೌಟ್ ಅವಸರದ ಮೀನಲ್ಲ. ಅದು ತಳದಿಂದ ನಿಧಾನವಾಗಿ ಎದ್ದು, ಫ್ಲೈಯ ಕೆಳಗೇ ಒಂದಷ್ಟು ದೂರ ತೇಲಿಬಂದು, ಬಾಯಿ ತೆರೆದು ಮುಚ್ಚುತ್ತದೆ. ಬಾಯಿ ಕಂಡೊಡನೆ ರಾಡ್ ಎತ್ತಿದರೆ ಫ್ಲೈ ಬರಿದೇ ಹೊರಬರುತ್ತದೆ; ತಲೆ ಮತ್ತೆ ನೀರೊಳಗೆ ಇಳಿಯುವವರೆಗೆ ತಡೆದು ಆಮೇಲೆ ಎತ್ತಿ.

ಹಿಡಿದ ಮೀನನ್ನು ಬೇಗ ದಡಕ್ಕೆ ತನ್ನಿ, ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಫೋಟೋಗಾಗಿ ಬಹಳ ಹೊತ್ತು ನೀರಿನಿಂದ ಎತ್ತಿ ಹಿಡಿಯಬೇಡಿ. ಕಟ್‌ಥ್ರೋಟ್ ಅಲ್ಲಿನ ಮೂಲನಿವಾಸಿ, ಅದನ್ನು ಬಿಡಲೇಬೇಕು. ದವಡೆಯ ಕೆಳಗಿನ ಕೆಂಪು ಗೆರೆಗಳಿಂದ ಅದನ್ನು ಗುರುತಿಸಬಹುದು. ಹೊರಗಿನಿಂದ ಬಂದು ಅದರೊಂದಿಗೆ ಬೆರೆತು ತಳಿಯನ್ನೇ ಅಳಿಸುವ ರೇನ್‌ಬೋ ಟ್ರೌಟ್ ಬಗ್ಗೆ ಲಮಾರ್ ಪ್ರದೇಶದ ನಿಯಮ ತದ್ವಿರುದ್ಧವಾಗಿದೆ: ಸಿಕ್ಕಿದ್ದನ್ನು ಕೊಲ್ಲಬೇಕು. ಮಗನಿಗೆ ಇದನ್ನು ಹೊರಡುವ ಮೊದಲೇ ವಿವರಿಸಿ.

ಮೊಂಟಾನಾದ ಲೈಸೆನ್ಸ್ ಉದ್ಯಾನದೊಳಗೆ ನಡೆಯುವುದಿಲ್ಲ. ಉದ್ಯಾನದ್ದೇ ಪರವಾನಗಿ ಬೇಕು. ಹದಿನಾರು ತುಂಬದ ಮಗ ನಿಮ್ಮ ಪರವಾನಗಿಯಲ್ಲೇ, ನಿಮ್ಮ ಕಣ್ಗಾವಲಿನಲ್ಲಿ ಮೀನು ಹಿಡಿಯಬಹುದು. ಗಾಳದ ತುದಿಯ ಬಳಿ ಹಿಂದಕ್ಕೆ ಬಾಗಿದ ಮುಳ್ಳಿರಬಾರದು, ಇದ್ದರೆ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಸೀಸದ ತೂಕಗಳಿಗೂ, ತಳಕ್ಕೆ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ಅಂಟಿಸಿದ ಬೂಟುಗಳಿಗೂ ಅನುಮತಿಯಿಲ್ಲ. ಫೆಲ್ಟ್‌ನಲ್ಲಿ ಉಳಿಯುವ ತೇವದೊಂದಿಗೆ ಪರಕೀಯ ಜೀವಿಗಳು ಒಂದು ನದಿಯಿಂದ ಇನ್ನೊಂದಕ್ಕೆ ದಾಟುತ್ತವೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೊರಡುವ ವಾರ ಉದ್ಯಾನದ ಪ್ರಕಟಣೆಯನ್ನು ಇನ್ನೊಮ್ಮೆ ಓದಿ.

ಅದು ಗ್ರಿಜ್ಲಿ ಕರಡಿಗಳ ನೆಲೆ. ಕರಡಿಯನ್ನು ಹಿಮ್ಮೆಟ್ಟಿಸುವ ಸ್ಪ್ರೇ ಇಬ್ಬರ ಸೊಂಟದಲ್ಲೂ ಇರಲಿ, ಚೀಲದೊಳಗಲ್ಲ. ಪೊದೆಗಳ ನಡುವೆ ಮಾತಾಡುತ್ತ ನಡೆಯಿರಿ. ಕರಡಿ, ತೋಳಗಳಿಂದ ನೂರು ಗಜ, ಕಾಡೆಮ್ಮೆಯಿಂದ ಇಪ್ಪತ್ತೈದು ಗಜ ದೂರವಿರುವುದು ಕಡ್ಡಾಯ. ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಗ್ರ್ಯಾಫೈಟ್ ರಾಡನ್ನು ಕೆಳಗಿಟ್ಟು ಕೂಡಲೇ ನೀರಿನಿಂದ ಮೇಲೆ ಬನ್ನಿ.